ಟ್ರಾಕ್ಟರ್ ಲೋಡರ್‌ನಲ್ಲಿ ಟ್ರಸ್ ಎತ್ತಬಹುದಾ?

ಓದುಗರ ಪ್ರಶ್ನೆ, ವೆಲ್ಡಿಂಗ್ ಶಾಪ್‌ನಿಂದ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹೊಸನಗರ ತಾಲ್ಲೂಕು. ಅಡಿಕೆ ಒಣಗಿಸುವ ಅಂಗಳಕ್ಕೆ ಮಾಡು ಹಾಕಿಸುತ್ತಿದ್ದೇವೆ. 30 ಅಡಿ ಅಗಲ, 50 ಅಡಿ ಉದ್ದ. 12 ಅಡಿ ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿ ಆಗಿದೆ. ಮಾಡು ಹೊರುವ ಆರು ಟ್ರಸ್‌ಗಳನ್ನು (ಕಬ್ಬಿಣದ ತ್ರಿಕೋನ ಚೌಕಟ್ಟು) ಅಂಗಳದಲ್ಲೇ ವೆಲ್ಡಿಂಗ್ ಮಾಡಿ ಮಲಗಿಸಿದ್ದಾರೆ. ನಡುವಿನ ಎತ್ತರ 5 ಅಡಿ. 2 ಇಂಚಿನ ಚೌಕ ಪೈಪ್, ಎರಡೂವರೆ ಎಂ.ಎಂ. ದಪ್ಪ. ನಮ್ಮ ಭಾವನ ಹತ್ತಿರ 45 ಎಚ್.ಪಿ. ಟ್ರಾಕ್ಟರ್ ಇದೆ, ಅದಕ್ಕೆ ಮುಂದೆ ಗೊಬ್ಬರ ಎತ್ತುವ ಬಕೆಟ್‌ನ ಲೋಡರ್ ಇದೆ. ‘ಅರ್ಧ ಟನ್ ಎತ್ತುತ್ತೆ, ನಿನ್ನ ಟ್ರಸ್ ಯಾವ ಲೆಕ್ಕ, ಕ್ರೇನ್‌ಗೆ ಸುಮ್ನೆ ಯಾಕೆ ದುಡ್ಡು’ ಅಂತ ಭಾವ ಹೇಳುತ್ತಿದ್ದಾರೆ. ಬಕೆಟ್‌ಗೆ ಉದ್ದ ಪೈಪ್ ಕಟ್ಟಿ ಎತ್ತಬಹುದಾ? – ಒಬ್ಬ ಬೆಳೆಗಾರ

ಉತ್ತರ: ತೂಕದ ವಿಷಯದಲ್ಲಿ ನಿಮ್ಮ ಭಾವ ಹೇಳಿದ್ದು ಸರಿ. ನೀವು ಬರೆದ ಪೈಪ್ 20 ಅಡಿಯ ಒಂದು ಉದ್ದಕ್ಕೆ ಸುಮಾರು 23 ಕೆ.ಜಿ. ತೂಗುತ್ತದೆ. ಟ್ರಸ್‌ನ ಕೆಳಗಿನ ಪೈಪ್ 30 ಅಡಿ. ಇಳಿಜಾರಿನ ಎರಡು ಪೈಪ್ ಸೂರೂ ಸೇರಿ 35 ಅಡಿ ಅಂದುಕೊಳ್ಳಿ. ಅಲ್ಲಿಗೆ 75 ಕೆ.ಜಿ. ಆಯಿತು. ನಡುವಿನ ಕಡ್ಡಿಗಳು, ಪ್ಲೇಟು ಎಲ್ಲ ಸೇರಿ ಒಂದು ಟ್ರಸ್ 100 ಕೆ.ಜಿ. ಆಸುಪಾಸು. ಅರ್ಧ ಟನ್‌ನ ಲೋಡರ್‌ಗೆ ಇದೇನು ಮಹಾ ಅನ್ನಿಸುತ್ತದೆ, ಅಲ್ವಾ?

ಈಗ ಟೇಪ್ ಹಿಡಿದು ಎತ್ತರ ಅಳೆಯಿರಿ. ಕಂಬ 12 ಅಡಿ. ಕಂಬದ ತಲೆ ದಾಟಲು ಅರ್ಧ ಅಡಿ ಜಾಗ ಬೇಕು. ಅದರ ಮೇಲೆ ಟ್ರಸ್ 5 ಅಡಿ. ಹುಕ್ ಟ್ರಸ್‌ನ ಮೇಲ್ತುದಿಗಿಂತ ಮೇಲೆಯೇ ಇರಬೇಕು, ಟ್ರಸ್‌ಗೆ ಸುತ್ತಿ ಹುಕ್‌ಗೆ ಹಾಕುವ ಬೆಲ್ಟ್‌ಗೆ ಇನ್ನೆರಡು ಅಡಿ. ಒಟ್ಟು ಹತ್ತಿರ ಹತ್ತಿರ 20 ಅಡಿ. ಈ ಅಳತೆಯ ಟ್ರಾಕ್ಟರ್‌ಗಳಿಗೆ ಹಾಕುವ ಲೋಡರ್‌ನ ತೋಳು ಪೂರ್ತಿ ಎತ್ತಿದರೆ ಬಕೆಟ್‌ನ ಪಿನ್ (ಬಕೆಟ್ ತೋಳಿಗೆ ಸೇರುವ ಜಾಗ) 10 ಅಥವಾ 11 ಅಡಿಗೆ ಬರುತ್ತದೆ. ಉಳಿದ 9 ಅಡಿಯನ್ನು ನೀವು ಪೈಪ್ ಕಟ್ಟಿಯೇ ತುಂಬಬೇಕು. ಪೈಪ್ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಇಲ್ಲವಾದರೆ ಟ್ರಸ್ ಬಂದು ಬಾನೆಟ್‌ಗೆ ಬಡಿಯುತ್ತದೆ. ಹಾಗಾಗಿ 12 ಅಡಿಯ ಪೈಪ್ ಬೇಕು. ಹುಕ್ ಬಕೆಟ್ ಪಿನ್‌ನಿಂದ ಏಳೆಂಟು ಅಡಿ ಮುಂದೆ ಹೋಗಿ ನಿಲ್ಲುತ್ತದೆ.

ಅರ್ಧ ಟನ್ ಅನ್ನುವ ಲೆಕ್ಕ ಇಲ್ಲೇ ಕೈಕೊಡುತ್ತದೆ. ಬಕೆಟ್‌ನಲ್ಲಿ ಗೊಬ್ಬರ ತುಂಬಿದಾಗ ಭಾರ ಪಿನ್‌ನಿಂದ 2 ಅಡಿ ದೂರದಲ್ಲಿ ಇರುತ್ತದೆ. 500ನ್ನು 2ರಿಂದ ಗುಣಿಸಿ, 1000. ಬಕೆಟ್ ಮಗುಚದಂತೆ ಹಿಡಿಯುವ ಸಣ್ಣ ಸಿಲಿಂಡರ್‌ಗಳ ಶಕ್ತಿ ಇಷ್ಟು ಅಂತ ಇಟ್ಟುಕೊಳ್ಳಿ. ಈಗ 100 ಕೆ.ಜಿ. ಟ್ರಸ್ ಏಳೂವರೆ ಅಡಿ ದೂರದಲ್ಲಿ ನೇತಾಡುತ್ತಿದೆ, 750. ಪೈಪ್‌ನ ಸ್ವಂತ ಭಾರ 40 ಕೆ.ಜಿ., ಅದರ ಅರ್ಧ ದೂರಕ್ಕೆ ಇನ್ನೊಂದು 150. ಆಗಲೇ 900 ಮುಟ್ಟಿದಿರಿ. ಇದು ಪೈಪ್ ಮೇಲೆದ್ದು ನಿಂತಾಗಿನ ಮಾತು. ನೆಲದಿಂದ ಮೊದಲು ಎತ್ತುವಾಗ ಪೈಪ್ ಮಲಗಿರುತ್ತದೆ. ಆಗ ಟ್ರಸ್ ಒಂದಕ್ಕೇ 100 ಗುಣಿಸು 12, 1200 ಆಗುತ್ತದೆ. ಲಿವರ್ ಸ್ವಲ್ಪ ಜೋರಾಗಿ ಎಳೆದು ಟ್ರಸ್ ಕುಲುಕಿದರೆ ಅದು ಇನ್ನೂ ಎಷ್ಟೋ ಮೇಲೆ ಹೋಗುತ್ತದೆ. ಆ ಸಿಲಿಂಡರ್‌ಗಳ ಸೀಲ್ ಹಳೆಯದಾಗಿದ್ದರೆ ಬಕೆಟ್ ಮೆಲ್ಲಗೆ ಮುಂದಕ್ಕೆ ಬಾಗುತ್ತಾ ಹೋಗುತ್ತದೆ. ಟ್ರಸ್ ಕಂಬದ ಮೇಲೆ ಕೂರುವ ಮೊದಲೇ ಕೆಳಗಿಳಿಯುತ್ತಿರುತ್ತದೆ. ಅದರ ಕೆಳಗೆ ಬೋಲ್ಟ್ ಹಿಡಿದು ನಿಂತವರ ಗತಿ ಏನು?

ಹಾಗಾಗಿ ನಿಮ್ಮ ಅಂಗಳಕ್ಕೆ ನನ್ನ ಉತ್ತರ: ಬೇಡ. ಅರ್ಧ ದಿನಕ್ಕೆ ಹೈಡ್ರಾ ಕ್ರೇನ್ ಕರೆಸಿ. ಆರು ಟ್ರಸ್ ಅಷ್ಟರಲ್ಲಿ ಕೂರುತ್ತವೆ. ಕ್ರೇನ್ ಬರುವ ಹೊತ್ತಿಗೆ ಪ್ಲೇಟ್, ಬೋಲ್ಟ್, ಪರ್ಲಿನ್ (ಟ್ರಸ್‌ನಿಂದ ಟ್ರಸ್‌ಗೆ ಹಾಯುವ, ಶೀಟ್ ಕೂರುವ ಅಡ್ಡ ಕಬ್ಬಿಣ) ಎಲ್ಲ ಸಿದ್ಧವಾಗಿರಲಿ, ಟ್ರಸ್‌ಗಳು ಕೂರುವ ಕ್ರಮದಲ್ಲೇ ಸಾಲಾಗಿ ಬಿದ್ದಿರಲಿ. ಆ ಸಾಗಿಸುವ ಕೆಲಸಕ್ಕೆ ಭಾವನ ಲೋಡರ್ ಚೆನ್ನಾಗಿ ಆಗುತ್ತದೆ. ನಿಮ್ಮ ಮನೆಯ ದಾರಿಯಲ್ಲಿ ಕ್ರೇನ್ ಬರುವುದಿಲ್ಲ ಅಂತಾದರೆ, ಅಂಗಳದ ನಡುವೆ 25 ಅಡಿಯ ದಪ್ಪ ಪೈಪ್ ನಿಲ್ಲಿಸಿ, ನಾಲ್ಕೂ ಕಡೆ ಹಗ್ಗ ಬಿಗಿದು, ಒಂದು ಟನ್‌ನ ಚೈನ್ ಪುಲ್ಲಿ ಹಾಕಿ ಎತ್ತುವವರಿದ್ದಾರೆ. ಕೆಲಸ ನಿಧಾನ. ಆದರೆ ಚೈನ್ ಪುಲ್ಲಿಯಲ್ಲಿ ಕೈ ಬಿಟ್ಟರೂ ಭಾರ ಅಲ್ಲೇ ನಿಲ್ಲುತ್ತದೆ. ಈ ಕೆಲಸಕ್ಕೆ ಬೇಕಾದ ದೊಡ್ಡ ಗುಣ ಅದು. ಪೈಪ್ ನಿಲ್ಲಿಸುವುದು ಅನುಭವ ಇದ್ದವರೇ ಮಾಡಲಿ.

ಲೋಡರ್‌ನಲ್ಲಿ ಟ್ರಸ್ ಎತ್ತಲೇಬಾರದು ಅಂತ ನಾನು ಹೇಳುವುದಿಲ್ಲ. ನಾನೇ ಎತ್ತಿಸಿದ್ದೇನೆ. ಕಳೆದ ವರ್ಷ ಸೊರಬದ ಕಡೆ ಒಂದು ಕೊಟ್ಟಿಗೆ. ಕಂಬ 8 ಅಡಿ, ಅಗಲ 20 ಅಡಿ, ಒಂದು ಟ್ರಸ್ 50 ಕೆ.ಜಿ. ಅಲ್ಲಿ ಹುಕ್ ಹದಿಮೂರೂವರೆ ಅಡಿಗೆ ಹೋದರೆ ಸಾಕಿತ್ತು. ಬಕೆಟ್ ಬಿಚ್ಚಿ, ಅದರ ಜಾಗಕ್ಕೆ ಪಿನ್ ಹಾಕಿ ಕೂರಿಸುವ 5 ಅಡಿಯ ಗಿಡ್ಡ ತೋಳು ಮಾಡಿದ್ದೆವು. ಬಕೆಟ್‌ನ ತುಟಿಗೆ ಹುಕ್ ವೆಲ್ಡ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ಕಬ್ಬಿಣ ಸವೆಯದಂತೆ ಗಟ್ಟಿ ಮಾಡಿದ್ದು. ಸಾಮಾನ್ಯ ರಾಡ್‌ನಲ್ಲಿ ವೆಲ್ಡ್ ಮಾಡಿದರೆ ಬಿರುಕು ಬಿಡುವ ಸಾಧ್ಯತೆ ಇದೆ.

ಟ್ರಾಕ್ಟರ್‌ನ ಹಿಂದಿನ ಲಿಂಕೇಜ್‌ಗೆ ತೂಕಕ್ಕೆಂದು ರೋಟವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಕಟ್ಟಿ, ನೆಲದಿಂದ ಒಂದಡಿ ಮಾತ್ರ ಎತ್ತಿದ್ದೆವು. ಇದು ಯಾಕೆ ಅಂದರೆ, ಮುಂದೆ ಭಾರ ಬಂದಂತೆ ಟ್ರಾಕ್ಟರ್‌ನ ಹಿಂಭಾಗ ಹಗುರಾಗುತ್ತದೆ. ನಮ್ಮ ಬಹುಪಾಲು ಟ್ರಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಆ ಚಕ್ರ ನೆಲವನ್ನು ಗಟ್ಟಿಯಾಗಿ ಒತ್ತದಿದ್ದರೆ ಬ್ರೇಕ್ ಒತ್ತಿ ಏನು ಪ್ರಯೋಜನ? ಎಡ, ಬಲ ಎರಡೂ ಬ್ರೇಕ್ ಪೆಡಲ್‌ಗಳನ್ನು ಚಿಲಕ ಹಾಕಿ ಜೋಡಿಸಿರಬೇಕು. ಒಂದೇ ಕಡೆ ಬ್ರೇಕ್ ಬಿದ್ದರೆ ಗಾಡಿ ತಿರುಗುತ್ತದೆ, ಮೇಲೆ ನೇತಾಡುವ ಟ್ರಸ್ ಕಂಬಕ್ಕೆ ಬಡಿಯುತ್ತದೆ. ಇನ್ನೊಂದು ವಿಷಯ. ಟ್ರಾಕ್ಟರ್‌ನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ ಮೇಲೆ ತೂಗುತ್ತಿರುತ್ತದೆ. ನೋಡಲು ನಾಲ್ಕು ಚಕ್ರ, ಆದರೆ ಪಕ್ಕಕ್ಕೆ ಮಗುಚುವ ವಿಚಾರದಲ್ಲಿ ಅದು ಮೂರು ಕಾಲಿನ ಗಾಡಿ. ತೋಳು ಮೇಲಿದ್ದಾಗ ಒಂದು ಚಕ್ರ ಚರಂಡಿಗೋ ಗುಂಡಿಗೋ ಇಳಿದರೆ ಸಾಕು. ಮಲೆನಾಡಿನ ಅಂಗಳಗಳು ನೀರು ಹೋಗಲು ಒಂದು ಬದಿಗೆ ಇಳಿಜಾರಾಗಿ ಇರುತ್ತವೆ. ಕಣ್ಣಿಗೆ ಕಾಣದ ಆ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ.

ಎತ್ತುವ ಕ್ರಮ ಹೀಗಿತ್ತು. ಟ್ರಸ್ ಎರಡು ಕಂಬ ಸಾಲುಗಳ ನಡುವಿನ ಜಾಗಕ್ಕಿಂತ ಅಗಲ. ಹಾಗಾಗಿ ಕಂಬದ ಎದುರಿಗೇ ಎತ್ತಲು ಬರುವುದಿಲ್ಲ. ಒಂದೇ ಸಾಲಿನ ಎರಡು ಕಂಬಗಳ ನಡುವಿನ ಸಂದಿಯಲ್ಲಿ, ಸೂರಿನ ತುದಿಗಳು ಎರಡೂ ಬದಿಗೆ ಹೊರಗೆ ಚಾಚಿಕೊಂಡಿರುವಂತೆ ಎತ್ತಿದೆವು. ಕಂಬದ ತಲೆ ದಾಟಿದ ಮೇಲೆ ಟ್ರಾಕ್ಟರ್ ಮೊದಲನೇ ಲೋ ಗೇರ್‌ನಲ್ಲಿ ನಾಲ್ಕೈದು ಅಡಿ ಮುಂದೆ ಹೋಗಿ ಇಳಿಸಿತು. ಒಳಗಿನ ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬರುತ್ತಾ ಹೊರಗೆ ಬಂದೆವು. ಬೆಲ್ಟ್ ಹಾಕಿದ್ದು ಎರಡು ಕಡೆ, ನಡುವಿನ ಮೇಲ್ತುದಿಯಿಂದ ಎಡಕ್ಕೂ ಬಲಕ್ಕೂ, ಕಡ್ಡಿ ಬಂದು ಸೇರುವ ಗಂಟಿನ ಹತ್ತಿರ. ಮೇಲ್ತುದಿ ಒಂದನ್ನೇ ಹಿಡಿದು ಎತ್ತಿದರೆ ಎರಡು ರೆಕ್ಕೆ ಜೋತುಬಿದ್ದು, ಕೆಳಗಿನ ಉದ್ದ ಪೈಪ್ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಬಾಗುತ್ತದೆ. ಎರಡೂ ಸೂರಿಗೆ ಉದ್ದ ಹಗ್ಗ ಕಟ್ಟಿ ಇಬ್ಬರು ದೂರದಿಂದ ಹಿಡಿದಿದ್ದರು. ಟ್ರಸ್ ತಿರುಗದಂತೆ ತಡೆಯುವುದು ಆ ಹಗ್ಗವೇ, ಕೈಯಲ್ಲ.

ಚಾಲಕನಿಗೆ ನಾನು ಮೊದಲೇ ಒಂದು ಮಾತು ಹೇಳಿದ್ದೆ. ತೋಳು ಮೇಲೆ ಹೋದಂತೆ ಅದರ ಮೂಗು ತಾನಾಗಿ ಹಿಂದಕ್ಕೆ ವಾಲುತ್ತದೆ. ಎಲ್ಲ ಲೋಡರ್‌ಗಳೂ ಸಮ ಮಟ್ಟ ಕಾಯ್ದುಕೊಳ್ಳುವುದಿಲ್ಲ. ನೇತಾಡುವ ಭಾರ ಚಾಲಕನ ಕಡೆಗೇ ಬರುತ್ತದೆ. ಎತ್ತುತ್ತಾ ಎತ್ತುತ್ತಾ ಮೂಗನ್ನು ಮುಂದಕ್ಕೆ ಸರಿ ಮಾಡಿಕೊಳ್ಳುತ್ತಾ ಇರಬೇಕು. ಒಂದೊಂದು ಅಡಿಗೆ ನಿಲ್ಲಿಸಿ. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ, ಒಬ್ಬರೇ ಕೈಸನ್ನೆ ಮಾಡಿ. ಹತ್ತು ಜನ ಹತ್ತು ಕಡೆಯಿಂದ ‘ಎತ್ತು, ಇಳಿಸು’ ಅಂದರೆ ಚಾಲಕ ಯಾರ ಮಾತು ಕೇಳಬೇಕು? ಮೇಲೆ ಕರೆಂಟ್ ವಯರ್ ಹಾದುಹೋಗಿದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸದೆ ಕಬ್ಬಿಣ ಎತ್ತಲೇಬೇಡಿ.

ಇಷ್ಟೆಲ್ಲ ಬರೆದರೂ, ನನಗೆ ಜಾಸ್ತಿ ಭಯ ಇರುವುದು ಎತ್ತುವಾಗ ಅಲ್ಲ, ಹುಕ್ ಬಿಚ್ಚುವಾಗ. 2013ರ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಕಡೆ ಒಂದು ಅಂಗಳದ ಕೆಲಸ ನನ್ನದಾಗಿತ್ತು. ಮೊದಲ ಟ್ರಸ್ ಕೂತಿತು. ಎರಡೂ ಕಡೆ ಎರಡೆರಡು ಬೋಲ್ಟ್ ಹಾಕಿದೆವು. ಎರಡನೆಯದನ್ನು ತರೋಣ ಅಂತ ಹುಕ್ ಬಿಚ್ಚಿಸಿದೆ. ಮಧ್ಯಾಹ್ನ ಮೂರು ಗಂಟೆ ಇರಬಹುದು. ಒಂದು ಗಾಳಿ ಬಂತು, ಅಷ್ಟೇ. ಕಂಬದ ಮೇಲೆ ಒಂಟಿಯಾಗಿ ನಿಂತ ಟ್ರಸ್ ತೆಳ್ಳನೆಯ ತಟ್ಟೆಯ ಹಾಗೆ. ಉದ್ದಕ್ಕೆ ಗಟ್ಟಿ, ಪಕ್ಕಕ್ಕೆ ಬಲವೇ ಇಲ್ಲ. ಬೇಸ್ ಪ್ಲೇಟ್ ಬಾಗಿ ಅದು ಪಕ್ಕಕ್ಕೆ ಮಲಗಿತು. ಏಣಿಯ ಮೇಲಿದ್ದ ನಮ್ಮ ಹುಡುಗ ಹಾರಿಕೊಂಡ, ಮಣಿಕಟ್ಟು ಮುರಿಯಿತು. ಮಳೆಗಾಲದಲ್ಲಿ ಈಗಲೂ ನೋಯುತ್ತದೆ ಅನ್ನುತ್ತಾನೆ. ಆವತ್ತು ಹಗ್ಗ ಕಟ್ಟಲು ಹತ್ತು ನಿಮಿಷ ಸಾಕಾಗಿತ್ತು. ಆ ಹತ್ತು ನಿಮಿಷ ಉಳಿಸಲು ಹೊರಟವನು ನಾನೇ.

ಅದಕ್ಕೇ ಹೇಳುತ್ತೇನೆ. ಕ್ರೇನ್ ಇರಲಿ, ಲೋಡರ್ ಇರಲಿ, ಮೊದಲ ಟ್ರಸ್‌ಗೆ ಮೇಲ್ತುದಿಯಿಂದ ಎರಡೂ ದಿಕ್ಕಿಗೆ ಹಗ್ಗ ಎಳೆದು ನೆಲದ ಗೂಟಕ್ಕೆ ಬಿಗಿದ ಮೇಲೆಯೇ ಹುಕ್ ಬಿಚ್ಚಿಸಿ. ಎರಡನೆಯದು ಕೂತಾಗ, ಮೊದಲನೆಯದಕ್ಕೂ ಅದಕ್ಕೂ ಕಡೇಪಕ್ಷ ಮೂರು ಪರ್ಲಿನ್ ಬೋಲ್ಟ್ ಆಗುವ ತನಕ ಹುಕ್ ಅಲ್ಲೇ ಇರಲಿ. ಈ ಜೋಡಿಗೆ ಕರ್ಣದ ದಿಕ್ಕಿನಲ್ಲಿ ಅಡ್ಡ ಪೈಪ್ ಹಾಕಿಸಿ. ಉಳಿದ ನಾಲ್ಕೂ ಈ ಜೋಡಿಯನ್ನು ಹಿಡಿದೇ ನಿಲ್ಲಬೇಕು, ಇದು ಸಡಿಲ ಇದ್ದರೆ ಸಾಲು ಸಾಲಾಗಿ ಬೀಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಗಾಳಿ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ. ಭಾವನಿಗೆ ಈ ಪುಟ ತೋರಿಸಿ. ಅವರಿಗೆ ಟ್ರಾಕ್ಟರ್ ಚೆನ್ನಾಗಿ ಗೊತ್ತಿರುತ್ತದೆ, ಲೆಕ್ಕ ನೋಡಿದರೆ ಒಪ್ಪುತ್ತಾರೆ.

ಪ್ರಶ್ನೆ: ತಿಪಟೂರಿನಲ್ಲಿ ನಮ್ಮ ಮನೆಯ ತಾರಸಿ ಮೇಲೆ ಶೀಟ್ ಮಾಡು ಮಾಡಿಸುತ್ತಿದ್ದೇವೆ. ಗೋಡೆಯ ಹೊರಗಡೆಯಿಂದ ಬೋಲ್ಟ್ ಬಿಗಿಯಬೇಕು. ಕೆಲಸದವರು ಲೋಡರ್ ಬಕೆಟ್‌ನಲ್ಲಿ ನಿಂತು ಮೇಲೆ ಹೋಗುತ್ತೇವೆ ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಬೇಡ ಅಂದರೆ ಕೆಲಸ ನಿಲ್ಲಿಸುತ್ತಾರೇನೋ ಅಂತಲೂ ಭಯ. – ಒಬ್ಬ ಗೃಹಿಣಿ

ಉತ್ತರ: ನಿಮ್ಮ ಮನಸ್ಸು ಹೇಳಿದ್ದೇ ಸರಿ, ಅಮ್ಮ. ಗಟ್ಟಿಯಾಗಿ ಬೇಡ ಅನ್ನಿ. ಬಹಳಷ್ಟು ಲೋಡರ್‌ಗಳಲ್ಲಿ ತೋಳು ಎತ್ತುವುದಕ್ಕೂ ಬಕೆಟ್ ಮಗುಚುವುದಕ್ಕೂ ಒಂದೇ ಲಿವರ್. ಹಿಂದೆ ಮುಂದೆ ಮಾಡಿದರೆ ತೋಳು, ಪಕ್ಕಕ್ಕೆ ಮಾಡಿದರೆ ಬಕೆಟ್. ಚಾಲಕನ ಮೊಣಕೈ ತಾಗಿದರೂ ಸಾಕು, ಬಕೆಟ್ ಮಣ್ಣು ಸುರಿಯುವ ಹಾಗೆ ಮನುಷ್ಯರನ್ನು ಸುರಿಯುತ್ತದೆ. ಒಂದು ಹೋಸ್ ಒಡೆದರೆ ತೋಳು ಕುಸಿಯುತ್ತದೆ. ಬಕೆಟ್‌ಗೆ ಕಟಕಟೆಯೂ ಇಲ್ಲ, ಬೆಲ್ಟ್ ಕಟ್ಟಲು ಜಾಗವೂ ಇಲ್ಲ.

ಕಬ್ಬಿಣದ ಸ್ಕ್ಯಾಫೋಲ್ಡಿಂಗ್ ಬಾಡಿಗೆಗೆ ಸಿಗುತ್ತದೆ. ಅದನ್ನು ಗೋಡೆಗೆ ಕಟ್ಟಿ, ಹಲಗೆ ಹಾಕಿ, ಸೇಫ್ಟಿ ಬೆಲ್ಟ್ ಹಾಕಿಕೊಂಡು ಕೆಲಸ ಮಾಡಲಿ. ಅದರ ಬಾಡಿಗೆ ನಾನು ಕೊಡುತ್ತೇನೆ ಅಂತ ನೀವೇ ಮೊದಲು ಹೇಳಿಬಿಡಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕೆಲಸದವರಿಗೂ ಬೀಳುವ ಆಸೆ ಇರುವುದಿಲ್ಲ. ಬಾಡಿಗೆ ತಮ್ಮ ಲೆಕ್ಕಕ್ಕೆ ಬರುತ್ತದೆ ಅಂತ ಹಾಗೆ ಹೇಳುತ್ತಾರೆ. ಪೈಪ್, ಪರ್ಲಿನ್, ಶೀಟ್‌ಗಳನ್ನು ತಾರಸಿಗೆ ಏರಿಸಲು ಲೋಡರ್ ಬಳಸಿಕೊಳ್ಳಿ, ಅಭ್ಯಂತರವಿಲ್ಲ. ಶೀಟ್‌ಗಳನ್ನು ಹಗ್ಗದಿಂದ ಬಿಗಿದಿರಲಿ, ಕೆಳಗೆ ಯಾರೂ ಓಡಾಡದಿರಲಿ.

ಪ್ರಶ್ನೆ: ಟ್ರಸ್, ಪರ್ಲಿನ್ ಎಲ್ಲ ಆಗಿ, ಒಂದು ಬದಿಗೆ ಮಾತ್ರ ಶೀಟ್ ಹೊಡೆದಿದ್ದಾರೆ. ಮಳೆ ಶುರುವಾಯಿತು, ಕೆಲಸದವರು ಊರಿಗೆ ಹೋದರು. ಹಾಗೇ ಬಿಡಬಹುದಾ? – ಸಿದ್ದಾಪುರದಿಂದ ಒಬ್ಬ ಓದುಗ

ಉತ್ತರ: ಅರ್ಧ ಶೀಟ್ ಹಾಕಿದ ಮಾಡಿಗೆ ಗಾಳಿ ಕೆಳಗಿನಿಂದ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಬರೀ ಕಬ್ಬಿಣ ನಿಂತಿದ್ದರೆ ಗಾಳಿ ನಡುವೆ ಹಾದುಹೋಗುತ್ತಿತ್ತು. ಇವತ್ತೇ ಮಾಡಬೇಕಾದ್ದು ಇಷ್ಟು: ಅಂಚಿನ ಶೀಟ್‌ಗಳ ಸ್ಕ್ರೂ ನೋಡಿ, ಸೂರಿನ ಸಾಲಿನಲ್ಲಿ ಅಲೆ ಬಿಟ್ಟು ಅಲೆ ಹೊಡೆದಿದ್ದರೆ ಪ್ರತಿ ಅಲೆಗೂ ಹೊಡೆಸಿ. ಕಂಬದ ತಲೆಯ ಬೋಲ್ಟ್‌ಗಳನ್ನು ಸ್ಪ್ಯಾನರ್ ಹಾಕಿ ಒಂದೊಂದೇ ಬಿಗಿಸಿ, ಕೈಯಲ್ಲಿ ತಿರುಗಿಸಿ ಬಿಟ್ಟವು ಒಂದೆರಡಾದರೂ ಇರುತ್ತವೆ. ಕರ್ಣದ ಅಡ್ಡ ಪೈಪ್ ಹಾಕಿಲ್ಲದಿದ್ದರೆ ಸದ್ಯಕ್ಕೆ ದಪ್ಪ ತಂತಿಯನ್ನಾದರೂ ಎರಡೂ ಕೊನೆಯಲ್ಲಿ ಕತ್ತರಿ ಆಕಾರದಲ್ಲಿ ಬಿಗಿಸಿ. ಇದನ್ನೆಲ್ಲ ನೀವೇ ಹತ್ತಿ ಮಾಡಬೇಡಿ. ಒದ್ದೆ ಶೀಟ್ ಬಹಳ ಜಾರುತ್ತದೆ. ಹತ್ತಿರದ ವೆಲ್ಡಿಂಗ್ ಶಾಪ್‌ನವರನ್ನು ಮಳೆ ಬಿಟ್ಟ ಹೊತ್ತಿನಲ್ಲಿ ಕರೆಸಿ, ಎರಡು ಗಂಟೆಯ ಕೆಲಸ.