ಗುದ್ದಿ ಹಣ್ಣು ಮಾಡುವುದಲ್ಲ, ಅಡೆ ಹಾಕುವುದು
ಓದುಗರ ಪ್ರಶ್ನೆ, ಸ್ತ್ರೀರೋಗ ತಜ್ಞೆಯ ಉತ್ತರ

ಪ್ರಶ್ನೆ: ನನಗೆ 26 ವರ್ಷ. ಇದು ಚೊಚ್ಚಲು. ಏಳನೆಯ ತಿಂಗಳಲ್ಲಿ ಕುಬಸ ಮುಗಿಸಿಕೊಂಡು ತವರಿಗೆ ಬಂದಿದ್ದೇನೆ. ಈಗ ಎಂಟನೆಯ ತಿಂಗಳು ನಡೆಯುತ್ತಿದೆ. ಬಸಿರಾದ ಮೇಲೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ದಿನ ಮೀರುವವರೆಗೆ ಕಾಯುವುದು ಬೇಡ, 39 ವಾರ ತುಂಬಿದ ಮೇಲೆ ದಾಖಲು ಮಾಡಿಕೊಂಡು ನೋವು ಬರಿಸೋಣ ಎಂದು ಡಾಕ್ಟರರು ಹೇಳಿದ್ದಾರೆ. ಅಂದಿನಿಂದ ಮನೆಯಲ್ಲಿ ದಿನಕ್ಕೊಂದು ಕಥೆ. ನಮ್ಮ ನೆಗೆಣ್ಣಿಗೆ ಹೀಗೆಯೇ ನೋವು ಬರಿಸಲು ಹೋಗಿ ಕೊನೆಗೆ ಸಿಸೇರಿಯನ್ ಆಯಿತು. ‘ಕಾಯಿ ತಾನಾಗಿ ಹಣ್ಣಾಗಬೇಕು, ಗುದ್ದಿ ಹಣ್ಣು ಮಾಡಬಾರದು’ ಎಂದು ಅತ್ತೆಯವರು ಹೇಳುತ್ತಾರೆ. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣ, ಅದು ಗರ್ಭಪಾತಕ್ಕೆ ಕೊಡುವ ಗುಳಿಗೆಯೇ ಎಂದು ಹೇಳಿ ಇನ್ನಷ್ಟು ಹೆದರಿಸಿದ್ದಾನೆ. ಹೀಗೆ ನೋವು ಬರಿಸಿಕೊಂಡು ಸುಸೂತ್ರವಾಗಿ ಹಡೆದವರು ಯಾರೂ ಇಲ್ಲವೇ? ಇದ್ದರೆ ಅವರ ಅನುಭವವನ್ನು ದಯವಿಟ್ಟು ತಿಳಿಸಿ.
– ಹೆಸರು ಬೇಡ, ಮುಧೋಳ ತಾಲ್ಲೂಕು

ಉತ್ತರ: ನಿಮ್ಮ ದಿನಗಳನ್ನು ಎಣಿಸಿ ನೋಡಿ, ಸರದಿಯಲ್ಲಿದ್ದ ಬೇರೆ ಪತ್ರಗಳನ್ನು ಹಿಂದಕ್ಕಿಟ್ಟು ಇದನ್ನು ಮೊದಲು ತೆಗೆದುಕೊಂಡಿದ್ದೇನೆ. ಸುಸೂತ್ರವಾಗಿ ಹಡೆದವರು ಬೇಕಾದಷ್ಟು ಜನ ಇದ್ದಾರೆ. ಅವರು ಕೂಸನ್ನು ಎತ್ತಿಕೊಂಡು ಮನೆಗೆ ಹೋಗುತ್ತಾರೆ, ಆ ಮಾತು ಅಲ್ಲಿಗೆ ಮುಗಿಯುತ್ತದೆ. ಕಷ್ಟಪಟ್ಟವರ ಕಥೆ ಮಾತ್ರ ಓಣಿಯಿಂದ ಓಣಿಗೆ ನಡೆಯುತ್ತದೆ.

ನಿಮ್ಮ ಅತ್ತೆಯವರು ಹೇಳಿದ ಮಾತಿನಲ್ಲಿ ಅರ್ಧ ಸತ್ಯವಿದೆ. ಗರ್ಭಕೋಶದ ಬಾಯಿ ಹಣ್ಣಾಗದೆ ಕೂಸು ಹೊರಗೆ ಬರುವುದಿಲ್ಲ. ನಾವು ವೈದ್ಯರೂ ‘ಹಣ್ಣಾಗುವುದು’ ಎಂಬ ಪದವನ್ನೇ ಬಳಸುತ್ತೇವೆ. ಅದು ಕಾಯಿಯಾಗಿದ್ದಾಗ ಬೆರಳಿಗೆ ಮೂಗಿನ ತುದಿಯಂತೆ ಗಟ್ಟಿಯಾಗಿ ಹತ್ತುತ್ತದೆ, ಹಣ್ಣಾದಾಗ ತುಟಿಯಂತೆ ಮೆತ್ತಗಾಗುತ್ತದೆ. ನಿಮ್ಮ ಮೂಗು ಮತ್ತು ತುಟಿಯನ್ನು ಮುಟ್ಟಿ ನೋಡಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಯಾವ ಕಡೆಗೆ ವಾಲಿದೆ, ಕೂಸಿನ ತಲೆ ಎಷ್ಟು ಕೆಳಗೆ ಇಳಿದಿದೆ ಎಂಬ ಐದು ಅಂಶಗಳಿಗೆ ಅಂಕ ಕೊಡುವ ಪದ್ಧತಿಯನ್ನು ಬಿಷಪ್ ಎಂಬ ವೈದ್ಯರು 1964ರಲ್ಲಿ ರೂಪಿಸಿದರು. 13ಕ್ಕೆ 8 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಹಣ್ಣಾಗಿದೆ ಎಂದು ಲೆಕ್ಕ. ಅಂಕ ಕಡಿಮೆ ಇದ್ದಾಗ ನಾವು ಗುದ್ದುವುದಿಲ್ಲ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುವಂತೆ, ಮೊದಲು ಬಾಯಿ ಮೆತ್ತಗಾಗಲು ಬಿಡುತ್ತೇವೆ. ಅದಕ್ಕೆ ಮಾತ್ರೆ, ಜೆಲ್ ಅಥವಾ ಬಲ್ಬ್ ಬಳಸುತ್ತೇವೆ. ಮೆತ್ತಗಾದ ಮೇಲೆ ನೀರಿನ ಚೀಲ ಒಡೆಯುವುದು, ನೋವು ಬರಿಸುವ ಆಕ್ಸಿಟೋಸಿನ್ ಎಂಬ ಔಷಧ ಬೆರೆಸಿದ ಸಲೈನ್ ಹಚ್ಚುವುದು. ಅಡೆ ಹಾಕಿದವರು ಗಂಟೆಗೊಮ್ಮೆ ಹುಲ್ಲು ಸರಿಸಿ ನೋಡಿದರೆ ಹಣ್ಣು ಬೇಗ ಆಗುವುದಿಲ್ಲ ಎಂಬುದು ಅತ್ತೆಯವರಿಗೂ ಗೊತ್ತಿರುತ್ತದೆ. ಚೊಚ್ಚಲಿನಲ್ಲಿ, ಬಾಯಿ ಇನ್ನೂ ಕಾಯಿಯಾಗಿದ್ದರೆ, ದಾಖಲಾದ ಗಳಿಗೆಯಿಂದ ಹೆರಿಗೆಯವರೆಗೆ ಒಂದು ದಿನ ಹಿಡಿಯಬಹುದು, ಎರಡು ದಿನವೂ ಹಿಡಿಯಬಹುದು. ನನ್ನ ಅನುಭವದಲ್ಲಿ ಕಹಿಯಾದ ಕಥೆಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ: ಬೆಳಿಗ್ಗೆ ದಾಖಲಾದರೆ ಸಂಜೆಗೆ ಕೂಸು ಬರುತ್ತದೆಂದು ಯಾರೋ ಹೇಳಿರುತ್ತಾರೆ, ಸಂಜೆಯಾದರೂ ಬಾರದಿದ್ದಾಗ ಎಲ್ಲರೂ ಕೈ ಚೆಲ್ಲುತ್ತಾರೆ.

ಈಗ ಅನುಭವಗಳಿಗೆ ಬರುತ್ತೇನೆ. ಎಲ್ಲವೂ ನಾನು ಕಂಡವು. ಊರು, ಹೆಸರು ಗುರುತಾಗದಂತೆ ಬರೆದಿದ್ದೇನೆ.

ವಿಜಯಪುರದ ಒಬ್ಬ ಶಿಕ್ಷಕಿಗೆ 41 ವಾರ ತುಂಬಿದರೂ ನೋವಿನ ಸುಳಿವೇ ಇರಲಿಲ್ಲ. ಸಂಜೆ ಬಲ್ಬ್ ಹಾಕಿದೆವು. ಅದು ಒಂದು ತೆಳುವಾದ ರಬ್ಬರ್ ನಳಿಕೆ. ತುದಿಯ ಪುಗ್ಗೆಯಲ್ಲಿ ನೀರು ತುಂಬಿ ಗರ್ಭಕೋಶದ ಬಾಯಿಯ ಒಳಬದಿಗೆ ಕೂರಿಸಿದರೆ ಅದು ತನ್ನ ಒತ್ತಡದಿಂದ, ಔಷಧವಿಲ್ಲದೆಯೇ, ಬಾಯಿಯನ್ನು ನಿಧಾನವಾಗಿ ಅಗಲಿಸುತ್ತದೆ. ಬಾಯಿ ಮೂರ್ನಾಲ್ಕು ಸೆಂಟಿಮೀಟರ್ ತೆರೆದಾಗ ಪುಗ್ಗೆ ತಾನಾಗಿ ಜಾರಿ ಬೀಳುತ್ತದೆ. ರಾತ್ರಿ ಪಾಳಿಯ ಸಿಸ್ಟರ್ ಇದನ್ನು ಆಕೆಗೆ ಮೊದಲೇ ಬಿಡಿಸಿ ಹೇಳಿದ್ದರು. ನಸುಕಿನ ನಾಲ್ಕಕ್ಕೆ ಬಚ್ಚಲಿಗೆ ಹೋದಾಗ ಬಲ್ಬ್ ಬಿತ್ತು. ಆಕೆ ಗಾಬರಿಯಾಗುವ ಬದಲು ಬಾಗಿಲು ತೆರೆದು, ‘ಸಿಸ್ಟರ್, ಪಾಸ್ ಆದೆ’ ಎಂದು ಕೂಗಿದರಂತೆ. ಆರು ಗಂಟೆಗೆ ಸಲೈನ್ ಹಚ್ಚಿದೆವು, ಮಧ್ಯಾಹ್ನದ ಊಟದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಬಲ್ಬ್ ಬೀಳುತ್ತದೆ ಎಂದು ಹೇಳದೆಯೇ ಹಾಕಿದ್ದರೆ ಅದೇ ನಾಲ್ಕು ಗಂಟೆ ಆಕೆಗೆ ಹೇಗಿರುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಎರಡನೆಯವರು ಮಗ್ಗದ ಮನೆಯ ಸೊಸೆ. 37 ವಾರಕ್ಕೆ ರಕ್ತದೊತ್ತಡ ಏರಿದ್ದರಿಂದ ನೋವು ಬರಿಸಬೇಕಾಯಿತು. ಮೊದಲ ದಿನ ಎರಡು ಗಂಟೆಗೊಮ್ಮೆ ಮಾತ್ರೆ ಕೊಟ್ಟರೂ ಹೊಟ್ಟೆ ಸ್ವಲ್ಪ ಬಿಗಿದು ಸಡಿಲಾಯಿತೇ ಹೊರತು ನೋವು ಕೂಡಿಬರಲಿಲ್ಲ. ಆಕೆ ತಾಯಿಯ ಕೈ ಹಿಡಿದು ವಾರ್ಡಿನ ಪಡಸಾಲೆಯಲ್ಲಿ ತಿರುಗಿದ್ದೇ ತಿರುಗಿದ್ದು. ‘ಇಷ್ಟು ತಿರಗೂದ್ರಾಗ ಗೋಳಗುಮ್ಮಟ ಹತ್ತಿ ಇಳೀಬೌದಿತ್ತು’ ಎಂದು ತಾಯಿ ಗೊಣಗಿದರು. ರಾತ್ರಿ ಹೊತ್ತಿಗೆ ಮನೆಯವರೆಲ್ಲ ಆಪರೇಷನ್ ಮಾಡಿಬಿಡಿ ಎಂದು ಪಟ್ಟು ಹಿಡಿದರು. ರಕ್ತದೊತ್ತಡ ಹತೋಟಿಯಲ್ಲಿತ್ತು, ಕೂಸಿನ ಎದೆಬಡಿತ ಸರಿಯಾಗಿತ್ತು. ಹಾಗಾಗಿ ಮಾತ್ರೆ ನಿಲ್ಲಿಸಿ ಆಕೆಗೆ ಗಂಜಿ ಕುಡಿಸಿ ಮಲಗಿಸಿದೆವು. ಮರುದಿನ ಮತ್ತೆ ಶುರು ಮಾಡಿದೆವು, ಆ ದಿನ ಸೂರ್ಯ ಮುಳುಗುವ ಮೊದಲು ಹೆರಿಗೆಯಾಯಿತು. ನಾನು ಮಾಡಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ರಾತ್ರಿಯ ನಿದ್ದೆ ಎಂದೇ ನನ್ನ ಅಭಿಪ್ರಾಯ.

ಇನ್ನು ನನ್ನದೇ ಅನುಭವ. ನನ್ನ ಮೊದಲ ಹೆರಿಗೆಯ ನೋವು ತಾನಾಗಿಯೇ ಬಂದಿತ್ತು; ನಡುರಾತ್ರಿ, ಬಸವನ ಬಾಗೇವಾಡಿಯ ಹಾದಿಯಲ್ಲಿ, ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ. ತಾನಾಗಿ ಬಂದಿದ್ದೇ ಚಂದ ಎನ್ನುವವರಿಗೆ ನಾನು ಆ ಜೀಪನ್ನು ನೆನಪಿಸುತ್ತೇನೆ. ಎರಡನೆಯ ಬಾರಿ ದಿನ ಗೊತ್ತು ಮಾಡಿ ನೋವು ಬರಿಸಿದರು. ಬೆಳಿಗ್ಗೆ ಮನೆಯಲ್ಲಿ ಉಪ್ಪಿಟ್ಟು ತಿಂದು, ಅವ್ವನಿಂದ ಎರಡು ಜಡೆ ಬಿಗಿಯಾಗಿ ಹಾಕಿಸಿಕೊಂಡು, ದೊಡ್ಡ ಮಗನನ್ನು ಶಾಲೆಗೆ ಕಳುಹಿಸಿ ಆಸ್ಪತ್ರೆಗೆ ನಡೆದೆ. ಸಲೈನ್ ಹಚ್ಚಿದ ಮೇಲೆ ಹಿರಿಯ ಸಿಸ್ಟರ್ ಒಬ್ಬರು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಗೋಡೆಯ ಗಡಿಯಾರ ನೋಡುತ್ತ ಹತ್ತು ನಿಮಿಷಕ್ಕೆ ಎಷ್ಟು ನೋವು ಎಂದು ಎಣಿಸುತ್ತಿದ್ದರು. ಮೂರು ನಾಲ್ಕು ಬಂದರೆ ಸಾಕು, ಐದು ದಾಟಿದರೆ ಹನಿ ಕಡಿಮೆ ಮಾಡಬೇಕು ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಅದು ಒಂದು ಕೈಯ ಬಿಸಿಯಲ್ಲಿ ಇರುತ್ತದೆ ಎಂದು ಅಂದು ತಿಳಿಯಿತು. ನೋವು ಕಡಿಮೆಯೇನೂ ಇರಲಿಲ್ಲ. ಸಲೈನಿನ ನೋವು ಹಂತಹಂತವಾಗಿ ಏರದೆ ಬೇಗ ಬಿಗಿಯಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ, ನನಗೂ ಹಾಗೆಯೇ ಅನಿಸಿತು. ನಿಮ್ಮ ಆಸ್ಪತ್ರೆಯಲ್ಲಿ ಎಪಿಡ್ಯೂರಲ್, ಅಂದರೆ ಬೆನ್ನಿಗೆ ಔಷಧ ಕೊಟ್ಟು ನೋವು ತಗ್ಗಿಸುವ ಸೌಲಭ್ಯವಿದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಸಿಸೇರಿಯನ್‌ನಲ್ಲಿ ಮುಗಿದವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಮೂವತ್ತು ಗಂಟೆಯಾದ ಮೇಲೆ ಆಪರೇಷನ್ ಆದ ಒಬ್ಬರು, ‘ಪ್ರತಿ ಸಲವೂ ನನ್ನನ್ನು ಕೇಳಿಯೇ ಮುಂದೆ ಹೋದಿರಿ, ಅದಕ್ಕೆ ಬೇಸರವಿಲ್ಲ’ ಎಂದು ನನಗೆ ಹೇಳಿದ್ದಾರೆ. ಆದರೆ ನೋವು ಬರಿಸಿದ್ದರಿಂದಲೇ ಸಿಸೇರಿಯನ್ ಆಗುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲು ಬಸುರಿಯರನ್ನು ಎರಡು ಗುಂಪು ಮಾಡಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 39ನೆಯ ವಾರದಲ್ಲಿ ನೋವು ಬರಿಸಿದ ಗುಂಪಿನಲ್ಲಿ ನೂರಕ್ಕೆ 18.6ರಷ್ಟು, ಕಾದ ಗುಂಪಿನಲ್ಲಿ 22.2ರಷ್ಟು ಸಿಸೇರಿಯನ್ ಆದವು. ಅವರೆಲ್ಲ ಬೇರೆ ತೊಂದರೆಯಿಲ್ಲದ ಬಸುರಿಯರಾಗಿದ್ದರು, ಆದ್ದರಿಂದ ಆ ಅಂಕಿಯನ್ನು ನಿಮಗೆ ಹಾಗೆಯೇ ಅನ್ವಯಿಸಲಾರೆ. ನಮಗೆ ಹತ್ತಿರದ್ದು ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳ ಅಧ್ಯಯನ: ರಕ್ತದೊತ್ತಡವಿದ್ದ 602 ಬಸುರಿಯರಲ್ಲಿ, 24 ಗಂಟೆಯೊಳಗೆ ಸಹಜ ಹೆರಿಗೆಯಾದವರು ಮಾತ್ರೆ ಕೊಟ್ಟ ಗುಂಪಿನಲ್ಲಿ ನೂರಕ್ಕೆ 57, ಬಲ್ಬ್ ಹಾಕಿದ ಗುಂಪಿನಲ್ಲಿ 47 ಎಂದು 2017ರಲ್ಲಿ ಪ್ರಕಟವಾಯಿತು. ಉಳಿದವರೆಲ್ಲ ಆಪರೇಷನ್ನಿಗೇ ಹೋದರು ಎಂದು ಓದಬೇಡಿ. ಕೆಲವರಿಗೆ 24 ಗಂಟೆ ಸಾಲಲಿಲ್ಲ, ಅಷ್ಟೆ.

ಅಣ್ಣ ಹೇಳಿದ ಗುಳಿಗೆಯ ಹೆಸರು ಮಿಸೊಪ್ರೊಸ್ಟಾಲ್. ಗರ್ಭಪಾತಕ್ಕೂ ಅದನ್ನು ಬಳಸುತ್ತಾರೆ ಎಂಬುದು ನಿಜ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಗುಳಿಗೆ 200 ಮೈಕ್ರೋಗ್ರಾಮಿನದು. ನೋವು ಬರಿಸಲು ಒಂದು ಸಲಕ್ಕೆ ಕೊಡುವುದು 25, ಅಂದರೆ ಅದರ ಎಂಟನೆಯ ಒಂದು ಪಾಲು. ಅದೇ ಔಷಧ ಹೆರಿಗೆಯಾದ ಮೇಲೆ ರಕ್ತಸ್ರಾವವನ್ನು ತಡೆದು ತಾಯಿಯ ಜೀವವನ್ನೂ ಉಳಿಸುತ್ತದೆ. ಇದನ್ನು ಜಗತ್ತಿಗೆ ತೋರಿಸಿದ ಅಧ್ಯಯನಗಳಲ್ಲಿ ಒಂದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆಯಿತು: ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎ.ಎನ್.ಎಂ.ಗಳು 1620 ತಾಯಂದಿರನ್ನು ನೋಡಿಕೊಂಡ ಆ ಅಧ್ಯಯನದಲ್ಲಿ, ಹೆರಿಗೆಯ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು, 2006ರಲ್ಲಿ ಅದು ಪ್ರಕಟವಾಯಿತು.

ದಾಖಲಾಗುವ ಮೊದಲು ನಿಮ್ಮ ಡಾಕ್ಟರರನ್ನು ಎರಡು ವಿಷಯ ಕೇಳಿ. ನನ್ನ ಬಿಷಪ್ ಅಂಕ ಎಷ್ಟು? ಎಷ್ಟು ಹೊತ್ತು ಕಾದ ಮೇಲೆ ಆಗಲಿಲ್ಲ ಎಂದು ತೀರ್ಮಾನಿಸುತ್ತೀರಿ? ಇದಕ್ಕೆ ಬಿಡಿಸಿ ಉತ್ತರ ಕೊಡುವ ಡಾಕ್ಟರರ ಕೈಯಲ್ಲಿ ನೀವು ನಿಶ್ಚಿಂತೆಯಿಂದ ಇರಬಹುದು. ದಾಖಲಾಗುವ ದಿನ ಬೆಳಗಿನ ಇನ್ಸುಲಿನ್ ಎಷ್ಟು ಎಂಬುದನ್ನೂ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಜೊತೆಗೆ ಹಡೆದ ಅನುಭವವಿರುವ ಒಬ್ಬ ಹೆಣ್ಣುಮಗಳು ಇರಲಿ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೂ ಅಂಥವರನ್ನು ಬಿಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಹೇಳಿದೆ. ಕೂಸು ಹುಟ್ಟಿದ ಮೇಲೆ ಅದರ ಹಿಮ್ಮಡಿಗೆ ಚುಚ್ಚಿ ಸಕ್ಕರೆ ನೋಡುತ್ತಾರೆ, ಹೆದರಬೇಡಿ. ಸಕ್ಕರೆ ಕಾಯಿಲೆಯ ತಾಯಿಯ ಕೂಸಿಗೆ ಅದು ಇಳಿಯುವ ಸಂಭವವಿರುವುದರಿಂದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ. 39 ವಾರಕ್ಕೆ ಮೊದಲೇ ಕೂಸಿನ ಮಿಸುಕಾಟ ಕಡಿಮೆಯಾದರೆ, ನೀರು ಹೋದರೆ ಅಥವಾ ರಕ್ತ ಕಂಡರೆ ಗೊತ್ತು ಮಾಡಿದ ದಿನಕ್ಕೆ ಕಾಯದೆ ಆ ಕ್ಷಣವೇ ಹೊರಡಿ.

ಪ್ರಶ್ನೆ: ದಿನ ತುಂಬಿದ ಮೇಲೆ ಔಡಲೆಣ್ಣೆ ಕುಡಿಸಿದರೆ ಮನೆಯಲ್ಲಿಯೇ ನೋವು ಬರುತ್ತದೆ, ಇಲ್ಲವಾದರೆ ಊರಿನಲ್ಲಿ ಸೂಜಿ ಮಾಡುವವರನ್ನು ಕರೆಸಿದರಾಯಿತು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಪತ್ನಿಗೆ ಹೀಗೆ ಮಾಡಿಸಬಹುದೇ?
– ಗೋಕಾಕ ತಾಲ್ಲೂಕಿನ ಓದುಗರು

ಉತ್ತರ: ಎರಡೂ ಬೇಡ. ಔಡಲೆಣ್ಣೆ ಮೊದಲು ಕೆದಕುವುದು ಕರುಳನ್ನು. ಭೇದಿಯಾಗಿ ಸುಸ್ತಾದ ಹೆಣ್ಣುಮಗಳು ಹೆರಿಗೆಗೆ ಹೋಗಬೇಕಾಗುತ್ತದೆ. ಸೂಜಿಯಂತೂ ಅಪಾಯ. ಆಸ್ಪತ್ರೆಯಲ್ಲಿ ಅದೇ ಆಕ್ಸಿಟೋಸಿನ್ನನ್ನು ಸಲೈನಿನಲ್ಲಿ ಹನಿಹನಿಯಾಗಿ ಕೊಡುತ್ತಾರೆ. ನೋವು ಅತಿಯಾದರೆ ಹನಿ ನಿಲ್ಲಿಸಬಹುದು, ಕೆಲವೇ ನಿಮಿಷಗಳಲ್ಲಿ ಅದರ ಬಲ ಇಳಿಯುತ್ತದೆ. ಹೆರಿಗೆಗೆ ಮೊದಲು ಸ್ನಾಯುವಿಗೆ ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲಾಗದು. ಗರ್ಭಕೋಶ ಬಿಡುವಿಲ್ಲದೆ ಬಿಗಿದು ಕೂಸಿಗೆ ಉಸಿರು ಕಟ್ಟಬಹುದು, ಗರ್ಭಕೋಶವೇ ಹರಿಯಬಹುದು. ಅಂಥ ಸೂಜಿ ಮಾಡಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ, ವಿವರ ಇಲ್ಲಿ ಬೇಡ.

ಪ್ರಶ್ನೆ: ಮೊದಲ ಹೆರಿಗೆ ಸಿಸೇರಿಯನ್. ಈಗ ಎರಡನೆಯದಕ್ಕೆ ನೋವು ಬರಿಸಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ?
– ನವನಗರ, ಬಾಗಲಕೋಟೆ

ಉತ್ತರ: ಮೇಲೆ ಹೇಳಿದ ಮಿಸೊಪ್ರೊಸ್ಟಾಲ್ ಮಾತ್ರೆ ನಿಮಗೆ ಸಲ್ಲದು, ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಅದರಿಂದ ಹೆಚ್ಚು. ಬಲ್ಬ್ ಹಾಕಿ, ಬೇಕಿದ್ದರೆ ಸಲೈನನ್ನು ಬಹಳ ಎಚ್ಚರದಿಂದ ಹಚ್ಚಿ ಪ್ರಯತ್ನಿಸುವುದುಂಟು. ಆದರೆ ಹಗಲು ರಾತ್ರಿ ಆಪರೇಷನ್ ಕೋಣೆ, ಅರಿವಳಿಕೆ ವೈದ್ಯರು, ರಕ್ತ ಸಿದ್ಧವಿರುವ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ. ತೋರಿಸಿಕೊಳ್ಳಲು ಹೋಗುವಾಗ ತಾಯಿ ಕಾರ್ಡಿನ ಜೊತೆಗೆ ಹಿಂದಿನ ಆಪರೇಷನ್ನಿನ ಡಿಸ್ಚಾರ್ಜ್ ಕಾಗದವನ್ನು ಹುಡುಕಿ ಒಯ್ಯಿರಿ. ಗರ್ಭಕೋಶವನ್ನು ಅಡ್ಡವಾಗಿ ಕೊಯ್ದಿದ್ದರೋ ಉದ್ದವಾಗಿಯೋ ಎಂಬುದು ಆ ದಾಖಲೆಯಿಂದ ತಿಳಿಯಬೇಕು; ಹೊಟ್ಟೆಯ ಮೇಲಿನ ಗೆರೆ ನೋಡಿ ಅದನ್ನು ಹೇಳಲಾಗುವುದಿಲ್ಲ.