ಸಂಪಾದಕರ ಉತ್ತರ: ಲೋಕಾಪುರದ ಕಲ್ಲು, ಆ ಕಾಲದ ಗಾಳಿ

ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಭೂಮಿಗೆ ಆಮ್ಲಜನಕ ತಂದುಕೊಟ್ಟವು ಸೂಕ್ಷ್ಮಜೀವಿಗಳು ಎಂಬ ನಿಮ್ಮ ಹಿಂದಿನ ಸಂಚಿಕೆಯ ಲೇಖನವನ್ನು ತರಗತಿಯಲ್ಲಿ ಓದಿ ಹೇಳಿದೆ. ಮರುದಿನ ಲೋಕಾಪುರದ ಕಡೆಯ ಹುಡುಗನೊಬ್ಬ ಸುಣ್ಣಕಲ್ಲಿನ ತುಂಡೊಂದನ್ನು ತಂದ. ಅದರ ತುಂಬ ಉಳ್ಳಾಗಡ್ಡಿ ಕೊಯ್ದಂಥ ಪದರು. ‘ಅಕ್ಕೋರೇ, ಈ ಕಲ್ಲಿಗೆ ಜೀವ ಇತ್ತೇನ್ರಿ?’ ಎಂದು ಕೇಳಿದ. ನನ್ನದು ಇನ್ನೊಂದು ಪ್ರಶ್ನೆ. ಎಲ್ಲವನ್ನೂ ಜೀವಿಗಳೇ ಮಾಡಿದವೆಂದರೆ ಕಲ್ಲು ಮಣ್ಣುಗಳ ಪಾಲೇನೂ ಇಲ್ಲವೆ? ಅವು ಸುಮ್ಮನೆ ಬಿದ್ದುಕೊಂಡಿದ್ದವೆ?”

ಅಕ್ಕೋರೆ, ನಿಮ್ಮ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಹುಡುಗನ ಪ್ರಶ್ನೆಗೂ ದಾರಿ ಸಿಗುತ್ತದೆ. ಕಲ್ಲುಗಳು ಸುಮ್ಮನೆ ಬಿದ್ದುಕೊಂಡಿರಲಿಲ್ಲ. ಸೂಕ್ಷ್ಮಜೀವಿಗಳು ಹೊರಬಿಟ್ಟ ಆಮ್ಲಜನಕ ಗಾಳಿಗೆ ಸೇರದಂತೆ ಬಹುಕಾಲ ತಡೆದದ್ದು ಖನಿಜಗಳು. ಯಾವ ಜೀವಿ ಹೆಚ್ಚಬೇಕು, ಯಾವುದು ಸೊರಗಬೇಕು ಎಂಬುದರಲ್ಲೂ ಅವುಗಳ ಮಾತು ನಡೆಯುತ್ತಿತ್ತು. ಜೀವಿಗಳ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ಮಕ್ಕಳಿಗೆ ಅರ್ಧ ಪಾಠ ಮಾತ್ರ ಸಿಕ್ಕಂತೆ.

ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷಗಳಾದವು. ಅದರ ಆಯುಷ್ಯದ ಮೊದಲರ್ಧದಲ್ಲಿ ಗಾಳಿಯಲ್ಲಿ ಉಸಿರಾಡಲು ಬೇಕಾದ ಆಮ್ಲಜನಕ ಇರಲೇ ಇಲ್ಲ. ಸಾರಜನಕವಿತ್ತು, ಇಂಗಾಲದ ಡೈಆಕ್ಸೈಡ್ ಇತ್ತು, ಮೀಥೇನ್ ಇತ್ತು. ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಕಡಲತಳದ ಬಿರುಕುಗಳಿಂದ ಉಕ್ಕುವ ಬಿಸಿನೀರು ಅದನ್ನು ತಂದು ಸುರಿಯುತ್ತಿತ್ತು. ಇಂದಿನ ಸಮುದ್ರದಲ್ಲಿ ಕಬ್ಬಿಣ ಹಾಗೆ ಕರಗಿ ಉಳಿಯುವುದಿಲ್ಲ. ಯಾಕೆಂದು ಮಕ್ಕಳಿಗೆ ತೋರಿಸಲು ಪ್ರಯೋಗಾಲಯವೂ ಬೇಡ. ಕಬ್ಬಿಣದಂಶ ಹೆಚ್ಚಿರುವ ಬೋರಿನ ನೀರನ್ನು ಒಂದು ಬಿಳಿ ಬಕೆಟ್ಟಿಗೆ ಹಿಡಿದಿಡಿ. ಮೇಲೆ ಬಂದಾಗ ನೀರು ತಿಳಿಯಾಗಿಯೇ ಇರುತ್ತದೆ. ರಾತ್ರಿ ಕಳೆಯುವುದರೊಳಗೆ ಬಕೆಟ್ಟಿನ ತಳದಲ್ಲಿ ಕಂದುಗೆಂಪು ಗಸಿ ಕೂತಿರುತ್ತದೆ. ನೆಲದಡಿಯಲ್ಲಿ ಗಾಳಿ ಸೋಕದೆ ಕರಗಿದ್ದ ಕಬ್ಬಿಣಕ್ಕೆ ಮೇಲೆ ಬಂದೊಡನೆ ಆಮ್ಲಜನಕ ತಗುಲಿ, ಅದು ಕರಗದ ರೂಪ ತಾಳಿ ಕೆಳಗಿಳಿಯಿತು. ಪೈಪಿನ ಬಾಯಲ್ಲಿ ಕಿತ್ತಳೆ ಬಣ್ಣದ ಲೋಳೆ ಕಂಡರೆ ಅದನ್ನೂ ತೋರಿಸಿ. ಆ ಲೋಳೆಯಲ್ಲಿ ಕಬ್ಬಿಣವನ್ನು ಉತ್ಕರ್ಷಿಸಿಯೇ, ಅಂದರೆ ತುಕ್ಕಿನ ರೂಪಕ್ಕೆ ತಿರುಗಿಸಿಯೇ, ಬದುಕುವ ಬ್ಯಾಕ್ಟೀರಿಯಾಗಳಿರುತ್ತವೆ.

ಈಗ ಆ ಹಳೆಯ ಸಮುದ್ರಕ್ಕೆ ಸಯನೋಬ್ಯಾಕ್ಟೀರಿಯಾಗಳು ಬಂದವು ಎಂದುಕೊಳ್ಳಿ. ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ಬಳಸಿ ಆಹಾರ ಮಾಡಿಕೊಂಡು ಆಮ್ಲಜನಕವನ್ನು ಹೊರಹಾಕುವ ವಿದ್ಯೆ ಅವುಗಳದು. ಅದು ಶುರುವಾದದ್ದು ಯಾವಾಗ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳವಿದೆ. ಗಾಳಿಯಲ್ಲಿ ಆಮ್ಲಜನಕ ನಿಲ್ಲುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಶುರುವಾಗಿತ್ತು ಎಂಬ ಕಡೆಗೆ ಹಲವರ ಒಲವು. ಹಾಗಿದ್ದರೆ ಅಷ್ಟು ಕಾಲ ಬಿಟ್ಟ ಆಮ್ಲಜನಕ ಎಲ್ಲಿ ಹೋಯಿತು? ಕರಗಿದ ಕಬ್ಬಿಣ ಅದನ್ನು ಹೀರಿತು, ಜ್ವಾಲಾಮುಖಿಗಳ ಅನಿಲ ಹೀರಿತು, ನೆಲದ ಮೇಲಿನ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಹೀರಿತು. ಈ ಸಾಲ ತೀರುವವರೆಗೆ ಗಾಳಿಯ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ.

ಹೀಗೆ ತಳಕ್ಕಿಳಿದ ಕಬ್ಬಿಣ ನಿಮಗೆ ದೂರದ್ದೇನಲ್ಲ. ಹುನಗುಂದ–ಕುಷ್ಟಗಿ ಶಿಲಾಪಟ್ಟಿಯಲ್ಲಿ, ಇನ್ನೂ ದೊಡ್ಡದಾಗಿ ಸಂಡೂರಿನ ಗುಡ್ಡಗಳಲ್ಲಿ, ಕಬ್ಬಿಣದ ಆಕ್ಸೈಡಿನ ಪದರು ಮತ್ತು ಬೆಣಚಿನಂಥ ಚರ್ಟ್ ಪದರು ಒಂದಾದ ಮೇಲೊಂದು ಕೂತ ಪಟ್ಟೆಕಲ್ಲು ಸಿಗುತ್ತದೆ. ಜಗತ್ತಿನ ಕಬ್ಬಿಣದ ಅದಿರಿನ ಬಹುಪಾಲು ಇಂಥ ಕಲ್ಲಿನಿಂದಲೇ ಬಂದದ್ದು. ಎಲ್ಲ ಪಟ್ಟೆಗಳಿಗೂ ಸಯನೋಬ್ಯಾಕ್ಟೀರಿಯಾದ ಆಮ್ಲಜನಕವೇ ಕಾರಣ ಎಂದು ಪಠ್ಯಪುಸ್ತಕಗಳು ಬರೆಯುತ್ತವೆ. ನಾನು ಅಷ್ಟು ಖಡಾಖಂಡಿತವಾಗಿ ಹೇಳಲಾರೆ. ಬೆಳಕಿನ ಬಲದಿಂದ ನೇರವಾಗಿ ಕಬ್ಬಿಣವನ್ನೇ ಉತ್ಕರ್ಷಿಸುವ, ಆಮ್ಲಜನಕವನ್ನು ಬಿಡದೇ ಬದುಕುವ ಬ್ಯಾಕ್ಟೀರಿಯಾಗಳನ್ನು ಜರ್ಮನಿಯ ಸಂಶೋಧಕರು 1993ರಲ್ಲಿ ವರದಿ ಮಾಡಿದರು. ಹಳೆಯ ಪಟ್ಟೆಗಳಲ್ಲಿ ಅಂಥವುಗಳ ಕೆಲಸವೂ ಸೇರಿರಬಹುದು.

ಕಲ್ಲು ಜೀವಿಯನ್ನು ಆಳಿತು ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಹಿಡಿಸಿದ ಉದಾಹರಣೆ ನಿಕಲ್ ಲೋಹದ್ದು. ಆ ಕಾಲದಲ್ಲಿ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳ ಪಾರುಪತ್ಯವಿತ್ತು. ಅವುಗಳ ಮುಖ್ಯ ಕಿಣ್ವಗಳಿಗೆ ನಿಕಲ್ ಬೇಕೇ ಬೇಕು. ಅದು ಸಮುದ್ರಕ್ಕೆ ಬರುತ್ತಿದ್ದುದು ಕೊಮಾಟಿಯೈಟ್ ಎಂಬ ಲಾವಾಶಿಲೆಯಿಂದ. ಇಂದಿನ ಯಾವ ಜ್ವಾಲಾಮುಖಿಯೂ ಉಗುಳದಷ್ಟು ಬಿಸಿಯಾದ, ಸುಮಾರು 1600 ಡಿಗ್ರಿ ಸೆಲ್ಸಿಯಸ್ ತಾಪದ ಲಾವಾ ಅದು. ನಮ್ಮಲ್ಲಿ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಅದರ ಕುರುಹಿದೆ. ಭೂಮಿಯ ಒಡಲು ತಣಿಯುತ್ತ ಬಂದಂತೆ ಇಂಥ ಲಾವಾ ಉಕ್ಕುವುದು ಕಡಿಮೆಯಾಯಿತು, ಅದರ ಹಿಂದೆಯೇ ನಿಕಲ್ ಕೂಡ. ಕೆನಡಾದ ಕರ್ಟ್ ಕಾನ್‌ಹೌಸರ್ ಮತ್ತು ಸಂಗಡಿಗರು ಪಟ್ಟೆಕಬ್ಬಿಣದ ಕಲ್ಲುಗಳಲ್ಲಿ ಸಿಕ್ಕಿಬಿದ್ದ ನಿಕಲ್ ಅಳೆದು 2009ರಲ್ಲಿ ಲೆಕ್ಕ ಕೊಟ್ಟರು. 270 ಕೋಟಿ ವರ್ಷಗಳ ಹಿಂದಿನಿಂದ 250 ಕೋಟಿ ವರ್ಷಗಳ ಹಿಂದಿನವರೆಗೆ ಸಮುದ್ರದ ನಿಕಲ್ ಸುಮಾರು ಅರ್ಧಕ್ಕೆ ಇಳಿದಿತ್ತು. ಮೀಥೇನ್ ಜೀವಿಗಳಿಗೆ ಬರ ಬಿತ್ತು, ಗಾಳಿಯಲ್ಲಿ ಮೀಥೇನ್ ಕುಗ್ಗಿತು. ಆಮ್ಲಜನಕವನ್ನು ತಿಂದುಹಾಕುತ್ತಿದ್ದ ಅನಿಲವೊಂದು ಹೀಗೆ ದಾರಿ ಬಿಟ್ಟಿತು ಎಂಬುದು ಅವರ ವಾದ. ನೆಲದಾಳದ ಕಾವು ಇಳಿದದ್ದಕ್ಕೂ ಇವತ್ತು ನಿಮ್ಮ ತರಗತಿಯ ಮಕ್ಕಳು ಉಸಿರಾಡುವ ಗಾಳಿಗೂ ಹೀಗೊಂದು ನಂಟಿರಬಹುದು ಎಂದು ಓದಿದಾಗ ನನಗಾದ ಬೆರಗು ಇನ್ನೂ ಹೋಗಿಲ್ಲ.

ಹೂಳಿನ ಪಾತ್ರವನ್ನೂ ಮರೆಯಬಾರದು. ಜೀವಿ ಸತ್ತು ಕೊಳೆಯುವಾಗ ಅದು ಬಿಟ್ಟಿದ್ದ ಆಮ್ಲಜನಕವೇ ವಾಪಸು ಖರ್ಚಾಗುತ್ತದೆ, ಲೆಕ್ಕ ಸೊನ್ನೆ. ಸತ್ತ ಇಂಗಾಲದಲ್ಲಿ ಸ್ವಲ್ಪವಾದರೂ ಜೇಡಿಯೊಳಗೆ ಹುದುಗಿ ಕೊಳೆಯದೆ ಉಳಿದರೆ ಮಾತ್ರ ಆಮ್ಲಜನಕ ಮಿಗುತ್ತದೆ. ಜೇಡಿಯ ಖನಿಜಗಳು ಇಂಗಾಲವನ್ನು ಅಂಟಿಸಿಕೊಂಡು ಕಾಪಾಡಿದವು.

ಕೊನೆಗೆ 240 ಕೋಟಿ ವರ್ಷಗಳ ಹಿಂದಿನ ಸುಮಾರಿಗೆ ಗಾಳಿಯಲ್ಲಿ ಆಮ್ಲಜನಕ ನಿಂತಿತು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ‍್ಯಾಂಡಿನಲ್ಲಿ ಅದಕ್ಕಿಂತ ಹಳೆಯ ಹೊಳೆಮರಳಿನ ಕಲ್ಲುಗಳಿವೆ. ಅವುಗಳಲ್ಲಿ ಉರುಳಿ ದುಂಡಗಾದ ಪೈರೈಟ್ ಮತ್ತು ಯುರೇನಿಯಂ ಖನಿಜವಾದ ಯುರನಿನೈಟ್ ಕಾಳುಗಳು ಸಿಗುತ್ತವೆ. ಆಮ್ಲಜನಕವಿರುವ ಗಾಳಿಯಲ್ಲಿ ಆ ಖನಿಜಗಳು ಹೊಳೆಯ ಜೊತೆ ಅಷ್ಟು ದೂರ ಉರುಳುವ ಮೊದಲೇ ಕೆಟ್ಟು ಕರಗಿಹೋಗುತ್ತಿದ್ದವು. ಆಮೇಲಿನ ಕಾಲದ ಹೊಳೆಮರಳಿನಲ್ಲಿ ಅವು ಕಾಣುವುದು ಬಹಳ ಅಪರೂಪ. ಬದಲಿಗೆ ಕೆಂಪು ಮರಳುಗಲ್ಲು ಕಾಣಿಸಿಕೊಳ್ಳುತ್ತದೆ.

ಕೆಂಪು ಮರಳುಗಲ್ಲೆಂದರೆ ನಿಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕೆ? ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆಯಲ್ಲ, ಆ ಬಂಡೆಯ ಕೆಂಪು ಕಬ್ಬಿಣದ ಆಕ್ಸೈಡಿನದು. ಮರಳಿನ ಒಂದೊಂದು ಕಾಳಿನ ಸುತ್ತಲೂ ಅದರ ತೆಳು ಲೇಪವಿದೆ. ಭೂತಗನ್ನಡಿ ಇಟ್ಟು ನೋಡಿದರೆ ಒಳಗಿನ ಕಾಳು ಬಿಳಿ ಗಾಜಿನಂತಿರುವುದು ತಿಳಿಯುತ್ತದೆ. ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಈ ಮಾತು ಹೇಳಿದರೆ ಮಕ್ಕಳು ಮರೆಯಲಿಕ್ಕಿಲ್ಲ.

ಆಮ್ಲಜನಕ ಬಂದ ಮೇಲೆ ಖನಿಜಗಳ ಲೋಕವೇ ಬೇರೆಯಾಯಿತು. ಅಮೆರಿಕದ ಖನಿಜವಿಜ್ಞಾನಿ ರಾಬರ್ಟ್ ಹೇಜನ್ 2008ರಲ್ಲಿ ಸಂಗಡಿಗರೊಂದಿಗೆ ಒಂದು ವಿಚಾರ ಮುಂದಿಟ್ಟರು. ಅದರಂತೆ, ಆಗ ಗೊತ್ತಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಖನಿಜಗಳಲ್ಲಿ ಸುಮಾರು ಮೂರನೇ ಎರಡರಷ್ಟು, ನೇರವಾಗಿಯೋ ಬಳಸುದಾರಿಯಿಂದಲೋ, ಜೀವಿಗಳು ತಂದ ಬದಲಾವಣೆಯಿಂದ ಹುಟ್ಟಿದವು. ತಾಮ್ರದ ಹಸಿರು ಮ್ಯಾಲಕೈಟ್ ಅಂಥದ್ದೊಂದು. ಕಲ್ಲು ಜೀವಿಯನ್ನು ತಡೆದದ್ದೂ ನಿಜ, ಜೀವಿ ಹೊಸ ಕಲ್ಲು ಹುಟ್ಟಿಸಿದ್ದೂ ಅಷ್ಟೇ ನಿಜ. ಒಂದನ್ನು ಬಿಟ್ಟು ಇನ್ನೊಂದನ್ನು ಪಾಠ ಮಾಡಬೇಡಿ ಎಂದು ಇದಕ್ಕೇ ಕೇಳಿಕೊಳ್ಳುತ್ತಿದ್ದೇನೆ.

ಇನ್ನು ಹುಡುಗ ತಂದ ತುಂಡು. ನೀವು ಬರೆದ ವಿವರ ನೋಡಿದರೆ ಅದು ಸ್ಟ್ರೊಮಾಟೊಲೈಟ್, ಅಂದರೆ ಸೂಕ್ಷ್ಮಜೀವಿಗಳ ಹಾಸು ಪದರುಪದರಾಗಿ ಕಟ್ಟಿದ ಕಲ್ಲು, ಇರುವ ಸಂಭವ ಬಹಳ. ಕಲಾದಗಿ ಶಿಲಾಸಮೂಹದ ಸುಣ್ಣಕಲ್ಲು ಮತ್ತು ಡಾಲೊಮೈಟುಗಳಲ್ಲಿ (ಮೆಗ್ನೀಸಿಯಂ ಸೇರಿದ, ಸುಣ್ಣಕಲ್ಲಿನಂಥದೇ ಕಲ್ಲು) ಸ್ಟ್ರೊಮಾಟೊಲೈಟ್‌ಗಳಿರುವುದು ಭೂವಿಜ್ಞಾನಿಗಳಿಗೆ ಗೊತ್ತಿರುವ ಸಂಗತಿ. (ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಈ ಸೀಮೆಯ ಶಿಲೆಗಳ ವಿವರ ಪ್ರಕಟಿಸಿದರು. ದಾಳಿಂಬೆ, ಚಿಕ್ಕುಗಳಿಗೆ ಹೆಸರಾದ ಕಲಾದಗಿ ಭೂವಿಜ್ಞಾನದ ಪುಸ್ತಕಗಳಲ್ಲೂ ಇದೆ ಎಂದು ಮಕ್ಕಳಿಗೆ ಹೇಳಿ.) ಆ ಕಲ್ಲುಗಳಿಗೆ ನೂರು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಳವಿಲ್ಲದ ಕಡಲಿನ ತಳದಲ್ಲಿ ಸಯನೋಬ್ಯಾಕ್ಟೀರಿಯಾಗಳ ಲೋಳೆ ಹಾಸಿಕೊಂಡಿರುತ್ತಿತ್ತು. ಹರಿದು ಬಂದ ಸಣ್ಣ ಕಣಗಳು ಅದಕ್ಕೆ ಅಂಟುತ್ತಿದ್ದವು. ಜೀವಿಗಳು ನೀರಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಂತೆ ಅಲ್ಲೇ ಸುಣ್ಣವೂ ಗಟ್ಟಿಯಾಗುತ್ತಿತ್ತು. ಹೂಳು ಮೇಲೆ ಕೂತರೆ ಬೆಳಕಿಗಾಗಿ ಜೀವಿಗಳು ಮತ್ತೆ ಮೇಲೇರಿ ಹೊಸ ಹಾಸು ಕಟ್ಟುತ್ತಿದ್ದವು. ಪದರಿನ ಮೇಲೆ ಪದರು ಬೆಳೆದದ್ದು ಹಾಗೆ. ಆದ್ದರಿಂದ ಹುಡುಗನಿಗೆ ಹೀಗೆ ಹೇಳಬಹುದು: ಕಲ್ಲಿಗೆ ಜೀವ ಇರಲಿಲ್ಲಪ್ಪ, ಆದರೆ ಅದರ ಒಂದೊಂದು ಪದರು ಕಟ್ಟುವಾಗಲೂ ಮೇಲೆ ಜೀವ ಇತ್ತು. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಇಂಥವು ಬೆಳೆಯುತ್ತಿವೆ. ನೀರು ವಿಪರೀತ ಉಪ್ಪಾದ್ದರಿಂದ ಅವನ್ನು ಮೇಯುವ ಪ್ರಾಣಿಗಳು ಅಲ್ಲಿ ಕಡಿಮೆ.

ಒಂದು ಎಚ್ಚರಿಕೆ. ಬಾಗಿದ ಪದರೆಲ್ಲ ಸ್ಟ್ರೊಮಾಟೊಲೈಟ್ ಅಲ್ಲ. ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷದ ಸ್ಟ್ರೊಮಾಟೊಲೈಟ್ ಸಿಕ್ಕಿತೆಂದು 2016ರಲ್ಲಿ ಒಂದು ತಂಡ ಪ್ರಕಟಿಸಿತು. ಅದು ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡ ಕಲ್ಲಷ್ಟೇ ಎಂದು 2018ರಲ್ಲಿ ಇನ್ನೊಂದು ತಂಡ ವಾದಿಸಿತು. ನಿಮ್ಮ ಭಾಗದ ಶಿಲೆಗಳೂ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡಂಥವೇ. ಹಾಗಾಗಿ ತುಂಡು ನೋಡಿ ತೀರ್ಮಾನಿಸುವುದಕ್ಕಿಂತ ಕಲ್ಲು ಇದ್ದ ಜಾಗ ನೋಡುವುದು ಮೇಲು. ಗಣಿಯೊಳಗೆ ಮಕ್ಕಳನ್ನು ಕರೆದೊಯ್ಯಬೇಡಿ. ಹಳ್ಳದ ದಂಡೆಯಲ್ಲೋ ರಸ್ತೆ ಕಡಿದ ಕಡೆಯಲ್ಲೋ ಅದೇ ಪದರು ಕಾಣುತ್ತದೆಯೇ ಹುಡುಕಿ. ಸಿಕ್ಕರೆ ಒಡೆಯದೆ, ಪಕ್ಕದಲ್ಲೊಂದು ಸ್ಕೇಲಿಟ್ಟು ಫೋಟೊ ತೆಗೆಯಿರಿ. ಉದುರಿ ಬಿದ್ದ ಚೂರಿನ ಮೇಲೆ ಶಾಲೆಯ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲವನ್ನು ನೀವೇ ಒಂದು ಹನಿ ಹಾಕಿ. ತಕ್ಷಣ ನೊರೆ ಎದ್ದರೆ ಸುಣ್ಣಕಲ್ಲು, ಪುಡಿ ಮಾಡಿದ ಮೇಲಷ್ಟೇ ನೊರೆ ಬಂದರೆ ಡಾಲೊಮೈಟ್. ಪದರುಗಳ ಉಬ್ಬು ಯಾವ ಕಡೆಗಿದೆ ಎಂದು ಫೋಟೊದಲ್ಲಿ ಬಾಣ ಹಾಕಿ ಗುರುತಿಸಿ. ಸ್ಟ್ರೊಮಾಟೊಲೈಟ್ ಬೆಳೆದದ್ದು ಬೆಳಕಿನ ಕಡೆಗೆ, ಹಾಗಾಗಿ ಉಬ್ಬು ಸಾಮಾನ್ಯವಾಗಿ ಅಂದಿನ ಮೇಲ್ಮುಖವನ್ನು ತೋರಿಸುತ್ತದೆ. ಅದು ಈಗ ಓರೆಯಾಗಿಯೋ ತಲೆಕೆಳಗಾಗಿಯೋ ಇದ್ದರೆ ಆಮೇಲೆ ಆ ನೆಲ ಎಷ್ಟು ತಿರುಗಿದೆ ಎಂದು ಮಕ್ಕಳೇ ಕೋನಮಾಪಕ ಹಿಡಿದು ಅಳೆಯಬಹುದು. ಫೋಟೊ ಮತ್ತು ಅಳತೆಗಳನ್ನು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂಪಾದಕ