ಇಂಜೆಕ್ಷನ್ ನಿಲ್ಲಿಸಿದ ಮೇಲೆ ತೂಕ ಮತ್ತೆ ಬರುತ್ತಾ?

ಆರು ತಿಂಗಳು ಸೆಮಾಗ್ಲುಟೈಡ್ (ಶುಗರ್‌ಗೂ ತೂಕ ಇಳಿಸೋಕೂ ಕೊಡುವ ಇಂಜೆಕ್ಷನ್) ತಗೊಂಡು, ತೂಕ ಇಳಿದ ಮೇಲೆ ನಿಲ್ಲಿಸಿದರೆ ಆಯ್ತಲ್ವಾ ಅಂತ ಕೇಳಿದ್ದೀರಿ. ಅಷ್ಟು ಸುಲಭ ಅಲ್ಲ. ಈ ಔಷಧಿ ಹಸಿವನ್ನು ಅಡಗಿಸುತ್ತದೆ, ಹೊಟ್ಟೆ ಬೇಗ ತುಂಬಿದ ಹಾಗೆ ಮಾಡುತ್ತದೆ. ಬಿಟ್ಟರೆ ಹಸಿವು ವಾಪಸ್. ಒಂದು ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳಿದಿತ್ತು. ನಿಲ್ಲಿಸಿದ ವರ್ಷದೊಳಗೆ, ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮತ್ತೆ ಏರಿತು. ಹಾಗಂತ ಔಷಧಿ ಸುಮ್ನೆ ಅಲ್ಲ. ನಿಮಗೆ ಶುಗರ್ ಕೂಡ ಇದೆಯಲ್ಲ, ಡಾಕ್ಟರ್ ಹೇಳಿದರೆ ಧೈರ್ಯವಾಗಿ ತಗೊಳ್ಳಿ, ಎಷ್ಟು ವರ್ಷ ಅಂತ ಮೊದಲೇ ಕೇಳಿ.

ಆದರೆ ಒಂಬತ್ತು ವರ್ಷದ ಮಗನೂ ದಪ್ಪ ಆಗ್ತಿದ್ದಾನೆ ಅಂದಿರಲ್ಲ, ನನಗೆ ಅದೇ ಜಾಸ್ತಿ ಚಿಂತೆ. ಅವನಿಗೆ ಸೂಜಿ ಬೇಡ. ಸಂಜೆಯ ಬೇಕರಿ ಪಫ್ಸ್, ಬಾಟಲಿ ಜ್ಯೂಸ್ ಮನೆಗೆ ತರಬೇಡಿ. ಕಡಲೆಕಾಯಿ ಬೇಯಿಸಿ ಕೊಡಿ, ಕತ್ತಲಾಗುವವರೆಗೆ ಬೀದಿಯಲ್ಲಿ ಆಡಲಿ.